ಪಡಸಾಲೆ ಬಿಟ್ಟು ಹೋದ ಧಾರಾವಾಹಿ

ಆ ಧಾರಾವಾಹಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೆ ಪುಕ್ಕಟೆ ಪ್ರಚಾರ ಕೊಟ್ಟಂತಾಗುತ್ತದೆ, ಅಷ್ಟು ಯೋಗ್ಯತೆ ಅದಕ್ಕಿಲ್ಲ. ನಮ್ಮ ಚಿಗವ್ವನ ಮಗಳು ಹೈಸ್ಕೂಲಿಗೆ ಸೇರಿದಾಗ ಶುರುವಾದದ್ದು, ಅವಳ ಮದುವೆ ನಿಶ್ಚಯವಾದರೂ ಮುಗಿದಿರಲಿಲ್ಲ ಅಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಒಂದು ದೊಡ್ಡ ಮನೆ, ಆ ಮನೆಗೆ ಇಬ್ಬರು ಸೊಸೆಯರು. ಇಬ್ಬರೂ ಜರತಾರಿ ಸೀರೆ ಉಟ್ಟೇ ಮಲಗುತ್ತಾರೆ, ಜರತಾರಿ ಸೀರೆಯಲ್ಲೇ ಏಳುತ್ತಾರೆ. ಮನೆಯಲ್ಲಿ ಯಾರೂ ದುಡಿಯುವುದಿಲ್ಲ, ಆದರೆ ಎಲ್ಲರೂ ಆಫೀಸಿಗೆ ಹೋಗಿಬರುತ್ತಾರೆ. ಸತ್ತ ಪಾತ್ರದವರು ಸಂಬಳ ಕುದುರಿದ ಮೇಲೆ ವಾಪಸ್ ಬರುತ್ತಾರೆ. ಒಬ್ಬಳು ‘ಏನು?’ ಅಂತ ಕೇಳಿದರೆ ಸಾಕು, ಗುಡುಗು ಬಡಿದು, ಮನೆಮಂದಿಯ ಮುಖವನ್ನೆಲ್ಲ ಒಂದೊಂದಾಗಿ ತೋರಿಸಿ, ಕಡೆಗೆ ಆಳಿನ ಮುಖವನ್ನೂ ಬಿಡದೆ ತೋರಿಸುವಷ್ಟರಲ್ಲಿ ಅವತ್ತಿನ ಕಂತು ಮುಗಿದಿರುತ್ತದೆ. ಇಂಥದ್ದನ್ನು ವರ್ಷಗಟ್ಟಲೆ ಸಂಜೆ ಏಳಕ್ಕೆ ತಪ್ಪದೆ ನೋಡಿದವರು ನಮ್ಮವ್ವ ಮತ್ತು ನಮ್ಮ ಕಾಕಾನ ಹೆಂಡತಿ, ಅಂದರೆ ಚಿಗವ್ವ.

ಇಬ್ಬರೂ ಮಾತು ಬಿಟ್ಟವರು. ನಮ್ಮಜ್ಜಿ ತೀರಿಹೋದ ಮೂರನೆಯ ದಿನ ಬಂಧುಬಳಗದ ಎದುರು ಚಿಗವ್ವ, ‘ಮುದುಕಿಗೆ ಕಡೀಕಡೀಕ ತಂಗಳ ಹಾಕಿದ್ರು’ ಅಂದುಬಿಟ್ಟಳು. ಯಾರು ಹಾಕಿದರು ಅಂತ ಹೇಳಲಿಲ್ಲ. ಹೇಳುವ ಜರೂರಿಯೂ ಇರಲಿಲ್ಲ, ಅಜ್ಜಿಗೆ ದಿನಾ ಬಡಿಸುತ್ತಿದ್ದವಳು ಅವ್ವ. ಅವ್ವ ಅವತ್ತೇ ಬಾಯಿ ಮುಚ್ಚಿದಳು. ಮುಂದೆ ಮನೆ ಪಾಲಾಯಿತು. ಮರಳಿ ಎಂಬ ಊರಿನಲ್ಲಿ ನಮ್ಮದು ಉದ್ದನೆಯ ಹಳೆಯ ಮನೆ. ಹಿತ್ತಲಿನ ನಡುವೆ ಗೋಡೆ ಎದ್ದಿತು, ಅಡಿಗೆಮನೆ ಎರಡಾಯಿತು, ಕಾಲುವೆ ಕೆಳಗಿನ ಗದ್ದೆಯ ನಡುವೆ ಹೊಸ ಬದು ಬಂತು. ಟಿವಿಯೊಂದನ್ನು ಮಾತ್ರ ಕೊಯ್ದು ಎರಡು ಮಾಡಲು ಬರುವುದಿಲ್ಲವಲ್ಲ. ಪಾಲು ಮಾಡಲು ಕೂತಿದ್ದ ಹಿರಿಯರು ತಾವು ಬಹಳ ಶಾಣ್ಯಾತನದ ತೀರ್ಪು ಕೊಟ್ಟೆವೆಂಬಂತೆ ಮೀಸೆ ತೀಡಿಕೊಂಡು, ಮುಂದಿನ ಪಡಸಾಲೆಯನ್ನು ಟಿವಿ ಸಮೇತ ಇಬ್ಬರಿಗೂ ಬಿಟ್ಟರು.

ಹೀಗಾಗಿ ಏಳಾಯಿತೆಂದರೆ ಅವ್ವ ಈ ಬಾಗಿಲಿನಿಂದ, ಚಿಗವ್ವ ಆ ಬಾಗಿಲಿನಿಂದ ಪಡಸಾಲೆಗೆ ಬರುತ್ತಿದ್ದರು. ಅವ್ವ ಮಂಚದ ಮೇಲೆ, ಚಿಗವ್ವ ಕಂಬದ ಬುಡದಲ್ಲಿ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆದರೆ ಇಬ್ಬರೂ ಟಿವಿಗೆ ಬೈಯುತ್ತಿದ್ದರು.

‘ಏ, ಹಿರೇ ಸೊಸಿ ಆದ್ರ ತಲೀಮ್ಯಾಲ ಕೋಡ ಬಂದಾವೇನ ನಿನಗ?’ ಅಂತ ಚಿಗವ್ವ ಜರತಾರಿಯ ಹಿರೇಸೊಸೆಯನ್ನು ಕೇಳುವಳು. ಅವ್ವ ಸ್ವಲ್ಪ ಹೊತ್ತು ಬಿಟ್ಟು ಕಿರೇಸೊಸೆಯ ಕಡೆ ಕೈ ಚಾಚಿ, ‘ಆಡೂದ ಆಡಿ ಈಗ ಅಳತಾಳ ನೋಡು. ಆವಾಗ ಬಾಯಿಗೆ ಬೀಗ ಇರಲಿಲ್ಲೇನು?’ ಅನ್ನುವಳು. ಟಿವಿಯಲ್ಲಿ ಆ ಹೊತ್ತಿಗೆ ಕಿರೇಸೊಸೆ ಅಳುತ್ತಲೂ ಇರಲಿಲ್ಲ, ಪಾಯಸ ಬಡಿಸುತ್ತಿದ್ದಳು. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬರುತ್ತಿತ್ತು. ಮೂರು ಮಾರು ದೂರದಲ್ಲಿ ಕೂತ ಹೆಂಗಸಿಗೆ ಹೇಳಬೇಕಾದ್ದನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ಬಣ್ಣ ಬಳಿದುಕೊಂಡು ನಿಂತವಳಿಗೆ ಹೇಳುವ ಈ ಸಂಪತ್ತಿಗೆ ಬಾಯಿ ಯಾಕೆ ಬೇಕು? ಒಮ್ಮೆ ಚಿಗವ್ವನ ಎಮ್ಮೆ ಈದಿತ್ತು. ಅವಳು ಖಳನಾಯಕಿಯತ್ತ ತಿರುಗಿ, ‘ನೀ ವಿಷಾನರ ಹಾಕು, ಏನರ ಮಾಡು. ನಮ್ಮನ್ಯಾಗ ಗಿಣ್ಣ ಐತಿ, ಬೇಕಾದವರು ಒಯ್ಯಬೇಕು’ ಅಂದಳು. ಅವ್ವ ಮರುದಿನ ನನ್ನ ಕೈಗೆ ಪಾತ್ರೆ ಕೊಟ್ಟು ಕಳಿಸಿದಳು.

ಇದೇ ಹಾದಿಯಲ್ಲಿ ಒಂದು ದೊಡ್ಡ ಕೆಲಸ ಆಗುವುದರಲ್ಲಿತ್ತು. ಚಿಗವ್ವನ ಮಗಳಿಗೆ ಯಲಬುರ್ಗಾ ಕಡೆಯ ಹುಡುಗ ಗೊತ್ತಾಗಿದ್ದ. ಆ ಹುಡುಗಿಯನ್ನು ಅವ್ವ ಎತ್ತಿ ಆಡಿಸಿದ್ದಳು. ಚಿಗವ್ವ ಗದ್ದೆಗೆ ಹೋದಾಗ ಅದು ಬೆಳೆದದ್ದೇ ಅವ್ವನ ಟೊಂಕದ ಮೇಲೆ. ನಮ್ಮಲ್ಲಿ ಮದುವೆಗೆ ಅರಿಷಿಣ ಕುಟ್ಟುವಾಗ ಒನಕೆಯನ್ನು ಮೊದಲು ಮನೆಯ ಹಿರಿಯ ಮುತ್ತೈದೆ ಹಿಡಿಯಬೇಕು, ಅಂದರೆ ಅವ್ವ. ಆದರೆ ಕಾರ್ಡು ಕೊಟ್ಟರೆ ಕರೆದಂತಲ್ಲ. ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲಿಗೆ ಬಂದು ಬಾಯಿತುಂಬ ಕರೆಯಬೇಕು. ಕರೆಯದೆ ಹೋಗುವವಳಲ್ಲ ನಮ್ಮವ್ವ. ಕರೆಯಬೇಕೆಂದರೆ ಚಿಗವ್ವ ಮಾತಾಡಬೇಕು.

ಧಾರಾವಾಹಿಯಲ್ಲೂ ಅದೇ ಹೊತ್ತಿಗೆ ಒಂದು ಮದುವೆ ಹೂಡಿದ್ದರು, ಬರೆಯುವವನಿಗೆ ಬೇರೆ ಏನೂ ಹೊಳೆಯದೆ. ಚಿಗವ್ವ ಒಂದು ಸಂಜೆ ಟಿವಿಗೆ, ‘ಹಿರಿಯಾಕಿ ಒನಕಿ ಹಿಡೀಲಾರದ ಅರಿಷಿಣ ಹೆಂಗ ಕುಟ್ಟತೀರಿ? ಕೂಸಿಗೆ ಛಲೋ ಆಗಬೇಕೋ ಬ್ಯಾಡೋ?’ ಅಂದಳು. ಅವ್ವ ಮರುದಿನ ಜಾಹೀರಾತು ಬಂದಾಗ, ಸಾಬೂನು ಹಿಡಿದು ನಗುತ್ತಿದ್ದವಳನ್ನು ನೋಡುತ್ತ, ‘ಕರದ್ರ ಯಾರು ಒಲ್ಲೆ ಅಂತಾರ?’ ಅಂದಳು. ಚಿಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಇನ್ನೊಂದು ವಾರ ಆ ದರಿದ್ರ ಕತೆ ಪಡಸಾಲೆಯಲ್ಲಿ ನಡೆದಿದ್ದರೆ ನಮ್ಮ ಮನೆಯ ಕೆಲಸ ಆಗಿಹೋಗುತ್ತಿತ್ತು.

ಆದರೆ ಆ ಶುಕ್ರವಾರ ಕಂತು ಮುಗಿಯುತ್ತಲೇ ಜರತಾರಿಯ ಹಿರೇಸೊಸೆ ಕೈಮುಗಿದು ಬಂದು ನಿಂತಳು. ‘ಪ್ರೀತಿಯ ವೀಕ್ಷಕರೇ, ಸೋಮವಾರದಿಂದ ನಿಮ್ಮ ಮೆಚ್ಚಿನ ಕಥೆ ನಿಮ್ಮ ಅಂಗೈಯಲ್ಲಿ! ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ! ನಮ್ಮ ಆ್ಯಪ್‌ನಲ್ಲಿ ಮಾತ್ರ!’ ಯಾವುದೋ ಹಬ್ಬದ ಶುಭಾಶಯ ಹೇಳುವವಳ ಹಾಗೆ ಹಲ್ಲು ಕಿಸಿದಳು. ಅದರ ಅರ್ಥ ಇಷ್ಟೇ: ನೋಡುವವರು ಕಡಿಮೆಯಾಗಿದ್ದಾರೆ, ಈ ಜಾಗದಲ್ಲಿ ಕುಣಿಯುವ ಸ್ಪರ್ಧೆ ಹಾಕಿದರೆ ಜಾಹೀರಾತು ಜಾಸ್ತಿ ಬರುತ್ತದೆ, ನಿಮ್ಮನ್ನು ಹೊರಗೆ ಹಾಕಿದ್ದೇವೆ. ನಾಚಿಕೆಗೆಟ್ಟವರು, ಹೊರಗೆ ಹಾಕುವುದನ್ನೂ ಉಡುಗೊರೆಯ ಹಾಗೆ ಕೊಡುತ್ತಾರೆ.

ಅವ್ವ ತನ್ನ ಅಂಗೈ ನೋಡಿಕೊಂಡಳು. ‘ಅಂಗೈಯಾಗ ಅಂದ್ರ ಏನೋ?’ ಅಂತ ನನ್ನನ್ನು ಕೇಳಿದಳು.

ಗಂಗಾವತಿಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಅವ್ವನ ಕಾಟ ತಡೆಯಲಾರದೆ ನನ್ನ ಹಳೆಯ ಫೋನಿಗೆ ಆ ಆ್ಯಪ್ ಹಾಕಿ, ಅದು ಕೇಳಿದಷ್ಟು ದುಡ್ಡು ಕಟ್ಟಿ ಕೊಟ್ಟೆ. ಆಚೆ ಮನೆಯಲ್ಲಿ ಮಗಳು ಚಿಗವ್ವನ ಫೋನಿಗೂ ಹಾಕಿಕೊಟ್ಟಳು, ದುಡ್ಡು ಕಟ್ಟದೆ. ಇಲ್ಲಿಯೂ ಆ ಕಂಪನಿಯವರ ಬುದ್ಧಿ ನೋಡಿ. ಕಟ್ಟಿದವರಿಗೆ ಕಂತು ಮೊದಲೇ ಸಿಗುತ್ತದೆ, ಕಟ್ಟದವರಿಗೆ ವಾರ ಬಿಟ್ಟು ಬರುತ್ತದೆ. ಒಂದೇ ಸೂರಿನಡಿ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಇಬ್ಬರಿಗೂ ಇದು ಗೊತ್ತಿರಲಿಲ್ಲ, ಆಗ ನನಗೂ ಇರಲಿಲ್ಲ. ಪಡಸಾಲೆಗೆ ಏಳು ಗಂಟೆಗೆ ಯಾರೂ ಬರದಾದರು. ಟಿವಿಯ ಮೇಲೆ ಅವ್ವ ಹಳೆಯ ಟವೆಲ್ಲು ಹೊದಿಸಿದಳು.

ಅವ್ವ ಮಧ್ಯಾಹ್ನ ಭಾಂಡೆ ತಿಕ್ಕುವಾಗ ನೋಡಲು ಶುರು ಮಾಡಿದಳು. ಹಿತ್ತಲಿನ ಗೋಡೆಗೆ ಫೋನು ಆನಿಸಿ, ಎರಡೂ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಳೆಂದರೆ ಅವಳಿಗೆ ಹೊರಗಿನದು ಏನೂ ಕೇಳುತ್ತಿರಲಿಲ್ಲ, ತನ್ನ ದನಿ ಕೂಡ. ಕತೆ ಅವಳ ಕಿವಿಯೊಳಗೇ ಉಳಿಯುತ್ತಿತ್ತು. ಬೈಗುಳ ಮಾತ್ರ ಗೋಡೆ ದಾಟಿ ಆಚೆ ಹೋಗುತ್ತಿತ್ತು.

ಒಂದು ದಿನ ನಾನು ಅಂಗಡಿಯಿಂದ ಊಟಕ್ಕೆ ಬಂದಾಗ ಪಡಸಾಲೆಯಲ್ಲಿ ಟಿವಿಯ ಮೇಲೆ, ಟವೆಲ್ಲಿನ ಮೇಲೆ, ಮದುವೆಯ ಕಾರ್ಡು ಬಿದ್ದಿತ್ತು. ಯಾವಾಗ ಇಟ್ಟರೋ ತಿಳಿಯದು. ಕರೆದವರಿಲ್ಲ, ಕುಂಕುಮವಿಲ್ಲ. ಅವ್ವ ಅದನ್ನು ಮುಟ್ಟಲಿಲ್ಲ. ‘ಕಾರ್ಡಿಗೆ ಕರದಾರ, ಕಾರ್ಡ ಹೋಗಿ ಉಂಡ ಬರಲಿ’ ಅಂದಳು. ನನಗೆ ಬಡಿಸಿದಳು, ತಾನು ಉಣ್ಣಲಿಲ್ಲ. ನನಗಂತೂ ಚಿಗವ್ವನ ಮೇಲೆ ರೇಗಿಹೋಯಿತು. ಟಿವಿಯೆದುರು ಮೂಗು ಒರೆಸಿಕೊಂಡವಳು ಇವಳೇ ಏನು?

ಎರಡು ದಿನ ಬಿಟ್ಟು ಮದುವಣಗಿತ್ತಿ ಬಳೆ ಕೊಳ್ಳಲು ಗಂಗಾವತಿಗೆ ಬಂದವಳು ನನ್ನ ಅಂಗಡಿಗೆ ಹೊಕ್ಕಳು. ಗೊಬ್ಬರದ ಚೀಲದ ಮೇಲೆ ಕೂತು ಅಳತೊಡಗಿದಳು.

‘ದೊಡ್ಡವ್ವ ನನಗ ಹಂಗ ಅನ್ನಬಾರದಿತ್ತಣ್ಣ.’

‘ಏನಂದ್ಲು?’

‘ನಮ್ಮವ್ವ ಕಿವಿಯಾರೆ ಕೇಳ್ಯಾಳ. ಹಿತ್ತಲದಾಗ ನಿಂತು, ಈ ಮದುವಿ ಮುರದ ಬೀಳಬೇಕು, ಹಂದರದಾಗ ಮುರದ ಬೀಳಬೇಕು ಅಂತ ಒದರಿದ್ಲಂತ.’

ನನಗೆ ತಕ್ಷಣ ತಿಳಿಯಿತು. ನಮ್ಮ ಮನೆಯ ಈ ಇಬ್ಬರು ಮಹಾತಾಯಂದಿರು ವರ್ಷಗಟ್ಟಲೆ ಟಿವಿಗೆ ಬೈದದ್ದೆಲ್ಲ ಒಬ್ಬರಿಗೊಬ್ಬರು ಬೈದದ್ದೇ ಆಗಿತ್ತು. ಅವ್ವ ಈಗ ಮೊದಲ ಸಲ ನಿಜವಾಗಿಯೂ ಧಾರಾವಾಹಿಗೇ ಬೈದಿದ್ದಳು. ಅದನ್ನು ನಂಬಲು ಆಚೆ ಕಡೆ ಯಾರೂ ಇರಲಿಲ್ಲ.

ಅಂಗಡಿ ಬಾಗಿಲು ಹಾಕಿ ಅವಳ ಜೊತೆಗೇ ಮರಳಿಗೆ ಬಂದು ಚಿಗವ್ವನ ಅಡಿಗೆಮನೆಗೆ ಹೋದೆ. ನಾಡಿದ್ದು ಅರಿಷಿಣ. ಅವಳು ಹಪ್ಪಳ ಒಣಗಿಸಿ ತಂದು ಡಬ್ಬಿಗೆ ತುಂಬುತ್ತಿದ್ದಳು. ಅವ್ವ ಅಂದದ್ದು ಸೀರಿಯಲ್ಲಿನ ಮದುವೆಗೆ ಅಂತ ಹೇಳಿದೆ.

‘ನನ್ನನ್ನ ಹುಚ್ಚಿ ಮಾಡಬ್ಯಾಡಪಾ’ ಅಂದಳು ಚಿಗವ್ವ. ‘ನಾನೂ ಅದನ್ನ ನೋಡತೀನಿ. ಅಲ್ಲಿ ಮದುವಿ ಭಾಳ ಛಲೋ ನಡದೈತಿ. ನಿನ್ನೆ ಮೆಹಂದಿ ಹಚ್ಚ್ಯಾರ. ವರ ಬಂಗಾರದಂಥಾವ. ಅಂಥಾ ಮದುವಿ ಮುರೀಲಿ ಅಂತ ಯಾಕ ಅಂತಾಳ ನಿಮ್ಮವ್ವ?’

ನಿನ್ನೆ ಮೆಹಂದಿ ಅಂದದ್ದು ಕೇಳಿ ದುಡ್ಡು ಕಟ್ಟಿದ್ದರ ಫರಕು ನನಗೆ ಆಗ ಹೊಳೆಯಿತು. ‘ಅವ್ವ ನಿನಗಿಂತ ಮುಂದ ನೋಡ್ಯಾಳ, ಚಿಗವ್ವ. ರೊಕ್ಕ ಕಟ್ಟೀನಿ, ಆಕೀಗೆ ಮೊದಲ ಬರತೈತಿ.’

‘ಮುಂದ ಅಂದ್ರ? ಇನ್ನೂ ಆಗಲಾರದ್ದನ್ನ ಹೆಂಗ ನೋಡ್ಯಾಳ?’

ಅವ್ವನಿಂದ ಫೋನು ಇಸಿದುಕೊಂಡು ಬಂದೆ. ಜೀವನದಲ್ಲಿ ಆ ಧಾರಾವಾಹಿಯ ಒಂದು ಕಂತನ್ನೂ ಕೂತು ನೋಡಿಲ್ಲ ಅಂತ ಊರತುಂಬ ಹೇಳಿಕೊಂಡು ತಿರುಗಿದ ನಾನು, ಹಪ್ಪಳದ ಡಬ್ಬಿಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಒಂದಾದ ಮೇಲೊಂದು ಕಂತು ನೋಡಿದೆ. ಗುಡುಗಿನ ಮೇಲೆ ಗುಡುಗು. ಮೆಹಂದಿ ಹಚ್ಚಿಕೊಂಡೇ ಎರಡು ಕಂತು. ಒಬ್ಬಳು ಮೆಟ್ಟಿಲಿಳಿಯಲು ಅರ್ಧ ಕಂತು. ಇದನ್ನು ಬರೆದವನನ್ನು ನಮ್ಮ ಗದ್ದೆಯಲ್ಲಿ ಒಂದು ದಿನ ನಾಟಿಗೆ ಬಗ್ಗಿಸಿದರೆ ಕೆಲಸಕ್ಕೆ ಹೊತ್ತು ಎಷ್ಟು ಹಿಡಿಯಬೇಕೆಂಬುದು ತಿಳಿದೀತು. ಚಿಗವ್ವ ಮಾತ್ರ ಹಪ್ಪಳ ಬಿಟ್ಟು ಫೋನಿನ ಹತ್ತಿರ ಹತ್ತಿರ ಸರಿಯುತ್ತಿದ್ದಳು.

ಕಡೆಗೆ ಹಂದರ ಬಂತು. ಬಂಗಾರದಂಥ ವರ ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಒಂದು ಮೂಲೆಯಿಂದ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಬಂದಳು, ಅವನ ಮೊದಲ ಹೆಂಡತಿ. ಗುಡುಗು. ಎಲ್ಲರ ಮುಖ. ಅವಳ ಬಾಯಿಗೆ ಕೈ ಒತ್ತಿ ಕಂಬದ ಹಿಂದೆ ಎಳೆದೊಯ್ದರು, ಇತ್ತ ತಾಳಿ ಎತ್ತಿದರು. ಚಿಗವ್ವ ದಡಗ್ಗನೆ ಎದ್ದು ನಿಂತಳು.

‘ಮುರೀರೋ ಈ ಮದುವಿನ! ಹುಡುಗಿ ಕೊಳ್ಳಾಗ ತಾಳಿ ಬೀಳೂಕ್ಕಿಂತ ಮೊದಲ ಮುರದ ಬೀಳಬೇಕಿದು!’ ಅಂತ ಒದರಿದಳು.

ನನ್ನ ಮುಖ ನೋಡಿದಳು. ಬಾಗಿಲಲ್ಲಿ ನಿಂತ ಮಗಳ ಮುಖ ನೋಡಿದಳು. ಫೋನಿನಲ್ಲಿ ಗುಡುಗು ಇನ್ನೂ ಬಡಿಯುತ್ತಿತ್ತು, ನಾನು ಅದನ್ನು ಬಂದ್ ಮಾಡಿದೆ. ಚಿಗವ್ವ ಹೋಗಿ ಮುಖ ತೊಳೆದಳು, ಬೇರೆ ಸೀರೆ ಉಟ್ಟಳು, ದೇವರ ಜಗಲಿಯಿಂದ ಕುಂಕುಮದ ಬಟ್ಟಲು ತೆಗೆದುಕೊಂಡಳು.

ಪಡಸಾಲೆಗೆ ಬಂದು ನಮ್ಮ ಹೊಸ್ತಿಲ ಹೊರಗೆ ನಿಂತಳು. ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಹಳೆಯ ಚಟದಂತೆ ಇಬ್ಬರ ಕಣ್ಣೂ ಟಿವಿಯ ಕಡೆ ಹೋದವು. ಅಲ್ಲಿ ಟವೆಲ್ಲು ಬಿಟ್ಟರೆ ಬೈಯಲು ಯಾರೂ ಇರಲಿಲ್ಲ. ಹೆಂಗಸರಿಬ್ಬರೂ ಎಷ್ಟು ಮುದಿಯಾಗಿದ್ದಾರೆ ಅಂತ ನನಗೆ ಆಗಲೇ ಕಂಡದ್ದು.

‘ಅಕ್ಕ’ ಅಂದಳು ಚಿಗವ್ವ. ‘ನಾಡದ ಅರಿಷಿಣ ಕುಟ್ಟತೀವಿ. ಒನಕಿ ಮೊದಲ ನೀ ಹಿಡೀಬೇಕು.’

‘ಕಾರ್ಡ್ ಬಂದೈತೆಲ್ಲ’ ಅಂದಳು ಅವ್ವ.

‘ನೀ ನನ್ನ ಮಗಳ ಮದುವಿ ಮುರೀಲಿ ಅಂದಿ ಅಂತ ತಿಳಕೊಂಡಿದ್ದೆ.’

ಅವ್ವನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ‘ಆ ಕೂಸಿಗೆ? ನಾ?’

‘ಹೂಂ. ತಿಳಕೊಂಡಿದ್ದೆ.’

ಇಷ್ಟು ವರ್ಷ ಟಿವಿಗೆ ಅಂದ ಯಾವ ಮಾತೂ ಅವ್ವನ ಮುಖವನ್ನು ಹೀಗೆ ಮಾಡಿರಲಿಲ್ಲ. ತಂಗಳ ಮಾತಿಗೂ ಹೀಗಾಗಿರಲಿಲ್ಲ. ಹೊಡೆಯುತ್ತಾಳೇನೋ ಅಂದುಕೊಂಡೆ.

‘ತಿಳಕೊಂಡ್ಯಲ್ಲ’ ಅಂದಳು ಕಡೆಗೆ. ‘ಬಂದು ಒಂದ ಮಾತು ಕೇಳಾಕ ಏನಾಗಿತ್ತ ನಿನಗ?’

‘ಹೆಂಗ ಕೇಳಲಿ ಅಕ್ಕ?’ ಅಂದಳು ಚಿಗವ್ವ. ‘ಟಿವ್ಯಾಗ ಸೀರಿಯಲ್ ನಿಂತಿತ್ತಲ್ಲ.’

ಇಂಥ ಮಾತಿಗೆ ಒಂದು ನಗು ನಾನು ಎಷ್ಟೋ ವರ್ಷದಿಂದ ತೆಗೆದಿಟ್ಟುಕೊಂಡಿದ್ದೆ. ಅದು ಬರಲಿಲ್ಲ. ಅವ್ವ ಕುಂಕುಮಕ್ಕೆ ಹಣೆ ಮುಂದೆ ಮಾಡಿದಳು.