ನವರಂಗದ ಊಟಕ್ಕೆ ಸುಣ್ಣ

ಸ್ನೇಹಿತರೇ, ಚಳಿಗಾಲಕ್ಕೆ ಮಾತ್ರ ಬರುವ ನವರಂಗ ಹಕ್ಕಿ ಈ ಸಲ ನಮ್ಮ ಹಿತ್ತಲಿಗೆ ಬಂದಿದೆ. ಅದು ತರಗೆಲೆ ಕೆದಕಿ ಹುಳ ತಿನ್ನುತ್ತದೆಂದು, ರೇಷ್ಮೆ ನೂಲು ತೆಗೆಯುವವರಿಂದ ಬೆಂದ ಹುಳ ತಂದು ಎಲೆಗಳ ನಡುವೆ ಉದುರಿಸಿದ್ದೆ. ಇಂದು ಬೆಳಿಗ್ಗೆ ನೋಡಿದರೆ ಎಲೆಯೂ ಇಲ್ಲ, ಹುಳವೂ ಇಲ್ಲ. ನೆಲದ ತುಂಬ ಸುಣ್ಣದ ಪುಡಿ.

ರೇಷ್ಮೆ ಸಾಕುವ ಪಕ್ಕದ ಮನೆಯ ಜಯಮ್ಮ ಬೇಲಿಯಾಚೆಯಿಂದ ಹೇಳಿದರು: "ಸತ್ತ ಹುಳ ಬಿದ್ದಿದ್ವು ಮೇಷ್ಟ್ರೇ. ರೋಗ ನಮ್ ಹುಳಿನ್ ಮನೆಗೂ ಬತ್ತದೆ ಅಂತ ಎಲ್ಲಾ ಗುಡಿಸಿ ಸುಟ್ಟಾಕಿ, ರೋಗ ಹರಡ್ದೇ ಇರ್ಲಿ ಅಂತ ಸುಣ್ಣ ಎರಚ್ಬುಟ್ಟೆ."

"ಹಕ್ಕಿಗೆ ಹಾಕಿದ್ದೆ ಜಯಮ್ಮ!"

"ಹಕ್ಕಿಗಾ? ಒಸಿ ರಾಗಿ ಎರಚೋದಲ್ವಾ?"

ಮಧ್ಯಾಹ್ನ ಅವರೇ ಕೂಗಿದರು: "ನಿಮ್ ಹಕ್ಕಿ ನಮ್ ತಿಪ್ಪೆ ಕೆದಕ್ತಾ ಐತೆ, ಓಡಿಸ್ಲಾ?"

"ಬೇಡ!" ಎಂದು ಕಿರುಚಿದೆ. ನನ್ನ ದನಿಗೇ ಬೆದರಿ ಹಕ್ಕಿ ಹಾರಿಹೋಯಿತು. ಜಯಮ್ಮ ಈಗ ನನ್ನ ಮೇಲೆ ಬೇಸರದಲ್ಲಿದ್ದಾರೆ, ಪಾಪದ ಹಕ್ಕಿಯನ್ನು ಓಡಿಸಿಬಿಟ್ಟೆನಂತೆ.