ಎಲ್ಮೀರಾ ಬೇಡವೆಂದ ಚಾವಣಿ

ಸರ್ಕಾರ ಕೊಡುವ ಚಾವಣಿ ಬೇಡ ಅಂದವಳು ಬಯೂ ಎನ್ನುವ ಆ ಹಿನ್ನೀರಿನ ಇಡೀ ದಂಡೆಗೆ ಎಲ್ಮೀರಾ ಒಬ್ಬಳೇ. ಚಂಡಮಾರುತಕ್ಕೆ ಜಗ್ಗದ ಹಾಗೆ ಚಾವಣಿ ಕಟ್ಟಿಸಿಕೊಳ್ಳಲು ಲೂಯಿಸಿಯಾನ ಸರ್ಕಾರ ಸಹಾಯಧನ ಕೊಡುತ್ತದೆ ಎಂದಾಗ ಊರಿಗೆ ಊರೇ ಅರ್ಜಿ ಹಾಕಿತ್ತು. ಚೀಟಿ ಎತ್ತಿ ಆರಿಸಿದರು. ಎಲ್ಮೀರಾಳ ಹೆಸರಿನಲ್ಲಿ ಅರ್ಜಿ ಹಾಕಿದ್ದು ಅವಳ ಮಗಳು ರೆನೆಲ್. ಅವರಿಗೆ ಬಂತು, ಪಕ್ಕದ ಮನೆಯ ಪಿಟ್ರೆ ಸಂಸಾರಕ್ಕೆ ಬರಲಿಲ್ಲ. ಪಿಟ್ರೆಯ ಹೆಂಡತಿ ಒಳಗೊಳಗೇ ಹೊಟ್ಟೆ ಉರಿದುಕೊಂಡರೂ ಬಂದು, ಒಳ್ಳೆಯದಾಯಿತು ಎಂದು ಬಾಯಿ ತುಂಬ ಹೇಳಿ ಹೋದಳು. ಇನ್ನು ಬೇಕಾಗಿದ್ದುದು ಎಲ್ಮೀರಾಳ ಒಂದು ರುಜು. ಅದನ್ನೇ ಅವಳು ಹಾಕಲಿಲ್ಲ.

"ನಿನಗೇನು ತಲೆ ಕೆಟ್ಟಿದ್ಯಾ ಅಮ್ಮ?" ಎಂದಳು ರೆನೆಲ್. "ಜನ ಇದಕ್ಕೆ ಹರಕೆ ಹೊತ್ಕೊಂಡು ಕೂತಿದಾರೆ."

"ಬಿರುಗಾಳಿ ಬಂದಾಗ ಸೋರೋ ಮನೆ ಬಿಟ್ಟೇ ನಿಮ್ಮಪ್ಪ ಜಪ್ಪಯ್ಯ ಅಂದ್ರೂ ಏಳಲ್ಲ. ಗಟ್ಟಿ ಮನೆ ಮಾಡ್ಕೊಟ್ರೆ ಏಳ್ತಾನೇನೇ?"

ರೆನೆಲ್ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು. ಅಪ್ಪ ಅರ್ಸೀನನನ್ನು ಅವಳೂ ಬಲ್ಲಳು.

ಎಲ್ಮೀರಾ ಹುಡುಗಿಯಾಗಿದ್ದಾಗಿನಿಂದ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ದುಡಿದವಳು. ಅವಳ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಅರ್ಸೀನ್ ಅವಳನ್ನು ಕಟ್ಟಿಕೊಂಡಾಗ ಅವನಿಗೆ ಒಂದು ಸಣ್ಣ ದೋಣಿ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಾಗಿ ಮಾವನ ಮನೆಗೇ ಮನೆಯಳಿಯನಾಗಿ ಬಂದ. ಮದುವೆಯಾದ ವರ್ಷವೇ ಬಿರುಗಾಳಿ ಬಂದು ಅವನು ಮೊಳೆ ಹೊಡೆದಿದ್ದ ಮೂಲೆಯ ಚಾವಣಿಯನ್ನೇ ಆರಿಸಿಕೊಂಡಂತೆ ಕಿತ್ತುಕೊಂಡು ಹೋಯಿತು. ಮಾವ ಶೆಡ್ಡಿನಲ್ಲಿ ನಾಲ್ಕು ಜನರೆದುರು, "ನಮ್ಮ ಅಳಿಯಂದ್ರು ಸುತ್ತಿಗೆ ಹಿಡಿಯೋದು ಬೆರಳು ಜಜ್ಜಿಕೊಳ್ಳೋಕೆ," ಎಂದು ನಗಾಡಿದ. ಆಡಿದ ಮಾತನ್ನು ಅವನೇನೋ ಮರೆತ, ಅಳಿಯ ಮರೆಯಲಿಲ್ಲ. ಮುಂದಿನ ಬಿರುಗಾಳಿಗೆ ಊರೆಲ್ಲ ಖಾಲಿಯಾದರೂ ಅರ್ಸೀನ್ ಕದಲಲಿಲ್ಲ. ಮಾವ ಸತ್ತು ಮಣ್ಣಾದ ಮೇಲೂ ಅದೇ ಚಾಳಿ ಮುಂದುವರಿಯಿತು.

ಅವನ ಹತ್ತಿರ ಮೂರು ಬಕೆಟ್ ಇದ್ದವು. ಒಂದು ಅಡುಗೆಮನೆಯಲ್ಲಿ, ಒಂದು ಹಾಸಿಗೆಯ ತಲೆದೆಸೆಗೆ, ಇನ್ನೊಂದು ಮೇರಿಯಮ್ಮನ ಪಟದ ಕೆಳಗೆ. ಹೊರಗೆ ಗಾಳಿ ಭೋರ್ಗರೆಯುತ್ತಿದ್ದರೆ ಒಳಗೆ ಅವನು ಬಕೆಟ್ ತುಂಬಿದಂತೆಲ್ಲ ಚೆಲ್ಲುತ್ತ, ಅಟ್ಟ ಹತ್ತಿ ತೂತಿಗೆ ಚಿಂದಿ ತುರುಕುತ್ತ ಇರುತ್ತಿದ್ದ. ಎಲ್ಮೀರಾ ಮಕ್ಕಳನ್ನೂ ಅಕ್ಕಿಯನ್ನೂ ಫೋಟೋಗಳನ್ನೂ ಗಾಡಿಗೆ ತುಂಬಿಕೊಂಡು, ಬಡಗಲಿನ ಬಂಕಿ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗುತ್ತಿದ್ದಳು. ಇತ್ತ ಮನೆಯ ಫೋನ್ ಸತ್ತು ಬಿದ್ದಿರುತ್ತಿತ್ತು, ಅವನ ಸುದ್ದಿಯೇ ಇರುತ್ತಿರಲಿಲ್ಲ. ಒಮ್ಮೆ ಅವನ ಮಣ್ಣಿಗೆ ಯಾವ ಉಡುಪು ತೊಡುವುದು ಎಂದೂ ಯೋಚಿಸಿದ್ದಳು. ಆಮೇಲೆ ಹಾಗೆ ಯೋಚಿಸಿದ್ದಕ್ಕೇ ಅತ್ತಿದ್ದಳು. ಇದನ್ನು ಯಾರಿಗೂ ಹೇಳಿದವಳಲ್ಲ. ಕೊನೆಗೆ ಎಂದೋ ಒಂದು ದಿನ ಅವನ ಫೋನ್ ಬರುತ್ತಿತ್ತು: "ಬಕೆಟ್ ತುಂಬಿತ್ತು. ನಾನಿದೀನಿ." ಅವಳು ಮೈ ಚಳಿ ಬಿಡುವ ಹಾಗೆ ಬೈದು ಫೋನ್ ಕುಕ್ಕುತ್ತಿದ್ದಳು.

ಈಗಲೂ ಅವಳು ರುಜು ಹಾಕುತ್ತಿರಲಿಲ್ಲವೇನೋ. ಆದರೆ ಹಳೆಯ ಚಾವಣಿಗೆ ಇನ್ನು ವಿಮೆ ಇಲ್ಲ ಎಂದು ವಿಮೆಯವರು ಕೈ ಎತ್ತಿಬಿಟ್ಟರು.

"ರುಜು ಹಾಕ್ತೀನಿ," ಎಂದಳು ಗಂಡನಿಗೆ. "ಮುಂದಿನ ಬಿರುಗಾಳಿಗೆ ನನಗಿಂತ ಮೊದ್ಲು ನೀನು ಗಾಡೀಲಿ ಕೂತಿರ್ಬೇಕು."

"ಆಯ್ತು ಬಿಡು."

"ನಿನ್ನ ಆಯ್ತು ನನಗ್ಗೊತ್ತಿಲ್ವಾ? ಮೇರಿಯಮ್ಮನ ಮುಂದೆ ನಿಂತು ಹೇಳು."

ಅರ್ಸೀನ್ ಟೋಪಿ ತೆಗೆದು, ನೀರಿನ ಕಲೆ ಹಿಡಿದಿದ್ದ ಪಟದ ಮುಂದೆ ನಿಂತು ಹೇಳಿದ. ಅವಳು ರುಜು ಹಾಕಿದಳು.

ಕೆಲಸದವರು ಬಂದು ಹಳೆಯ ಹೊದಿಕೆಯನ್ನೆಲ್ಲ ಕಿತ್ತು, ಹಲಗೆಗಳ ಸಂದಿಗೆ ಅಂಟುಪಟ್ಟಿ ಹಾಕಿದರು. ಮೈತುಂಬ ಉಂಗುರದಂಥ ಗೆರೆಗಳಿದ್ದ ಮೊಳೆ ಹೊಡೆದರು. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅರ್ಸೀನ್ ಎಲ್ಲದಕ್ಕೂ ಕೊಂಕು ತೆಗೆದ. ಮೇಸ್ತ್ರಿ ವಿಲ್ಮರ್ ಒಂದು ಮೊಳೆಯನ್ನು ಅವನ ಅಂಗೈಗೆ ಹಾಕಿ, "ಒಂದ್ಸಲ ಒಳಗೆ ಹೋದ್ರೆ ಏನು ಮಾಡಿದ್ರೂ ಹೊರಗೆ ಬರಲ್ಲ ಯಜಮಾನ್ರೇ," ಎಂದ.

"ಅಂಥದ್ದೊಂದು ನಮ್ಮನೇಲಿ ಆಗ್ಲೇ ಇದೆ," ಎಂದಳು ಎಲ್ಮೀರಾ.

ಸೆಪ್ಟೆಂಬರಿನಲ್ಲಿ ಬಿರುಗಾಳಿ ಬಂತು. ಶೆಡ್ಡು ಮುಚ್ಚಿತು, ದೋಣಿಗಳೆಲ್ಲ ಒಳನೀರಿಗೆ ಹೋದವು. ಎಲ್ಮೀರಾ ಗಾಡಿಗೆ ಸಾಮಾನು ತುಂಬಿ, ಕಂಬಗಳ ಮೇಲೆ ನಿಂತ ಮನೆಗೆ ಮೆಟ್ಟಿಲು ಹತ್ತಿ ಬಂದರೆ ಅರ್ಸೀನ್ ಅಡುಗೆಮನೆಯಲ್ಲಿ ಕಾಫಿ ಹೀರುತ್ತ ಕೂತಿದ್ದ.

"ನೀನು ಹೋಗ್ಬಾ," ಎಂದ, ಅವಳ ಮುಖ ನೋಡದೆ. "ಹೊಸ ಚಾವಣಿ ಹೆಂಗೆ ನಿಲ್ಲುತ್ತೆ ಅಂತ ಯಾರಾದ್ರೂ ನೋಡ್ಬೇಕಲ್ಲ."

ಅವಳು ಕೂಗಾಡಲಿಲ್ಲ. ಕೆಳಗಿಳಿದು ಚೀಲಗಳನ್ನೆಲ್ಲ ಮತ್ತೆ ಮೇಲೆ ಹೊತ್ತು ತಂದಳು. ಈರುಳ್ಳಿ ಹೆಚ್ಚಿದಳು. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಹಿಟ್ಟು ಹಾಕಿ, ಗಂಬೊ ಸಾರಿಗೆ ಹುರಿಯತೊಡಗಿದಳು.

"ಏನ್ ಮಾಡ್ತಿದೀಯ?"

"ಅಡುಗೆ. ಇಬ್ರೂ ಇರ್ತೀವಲ್ಲ."

"ತಮಾಷೆ ಸಾಕು, ಹೊರಡು. ಸಂಜೆಗೆಲ್ಲ ಗಾಳಿ ಬಂದ್ಬಿಡುತ್ತೆ."

"ಬರ್ಲಿ. ಚಾವಣಿ ಗಟ್ಟಿಯಾಗಿದ್ಯಲ್ಲ."

"ಚಾವಣಿ ಗಟ್ಟಿ ಕಣೇ! ನೀರು ನುಗ್ಗಿದ್ರೆ? ಪಿಟ್ರೆ ಮನೆ ಮುರ್ಕೊಂಡು ನಮ್ಮ ಮೇಲೆ ಬಿದ್ರೆ? ನಿನಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?"

ಎಲ್ಮೀರಾ ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹಿಟ್ಟು ಸೀಯುತ್ತದೆ.

"ಇದೇ ಮಾತನ್ನ ನಾನು ಬಂಕೀಲಿ ಕೂತು ಗೋಡೆಗೆ ಹೇಳ್ಕೊಂಡು ಬಂದಿದೀನಿ. ಇವತ್ತು ನಿನ್ನ ಬಾಯಲ್ಲೂ ಬಂತಲ್ಲ."

ಅರ್ಸೀನ್ ಕಾಫಿ ಲೋಟ ಕೆಳಗಿಟ್ಟ. ಆಮೇಲೆ ಒಲೆ ಆರಿಸಿ, ಬಟ್ಟೆ ಹಿಡಿದು ಪಾತ್ರೆ ಎತ್ತಿಕೊಂಡು ಕೆಳಗಿಳಿದ. ಅವಳು ಚೀಲಗಳೊಂದಿಗೆ ಬರುವಷ್ಟರಲ್ಲಿ, ಕೊಟ್ಟ ಮಾತಿನಂತೆ ಅವಳಿಗಿಂತ ಮೊದಲೇ, ಬಿಸಿ ಪಾತ್ರೆಯನ್ನು ಕಾಲ ಬಳಿ ಇಟ್ಟುಕೊಂಡು ಗಾಡಿಯಲ್ಲಿ ಕೂತಿದ್ದ.

ಬಂಕಿಯಲ್ಲಿ ನಾದಿನಿಯ ಮನೆಯ ಚಾವಣಿಯನ್ನೇ ದಿಟ್ಟಿಸುತ್ತ ಕಾಲ ಕಳೆದ. ದಾರಿ ತೆರೆದ ದಿನವೇ ಹೊರಟು ಬಂದರು. ಪಿಟ್ರೆಯ ಚಾವಣಿ ಅರ್ಧ ಹಾರಿಹೋಗಿತ್ತು. ಉಳಿದ ಅರ್ಧಕ್ಕೆ ಅವನು ನೀಲಿ ಟಾರ್ಪಾಲು ಹೊದಿಸುತ್ತಿದ್ದ. ಅಂಗಳದ ಮೆಟ್ಟಿಲ ಮೇಲೆಲ್ಲ ಕೆಸರು. ಕಂಬಗಳ ಮೇಲೆ ಅವರ ಮನೆ ಮಾತ್ರ ಇದ್ದ ಹಾಗೇ ಇತ್ತು.

"ನೋಡಿದ್ಯಾ? ಇಲ್ಲೇ ಇದ್ದಿದ್ರೂ ನನಗೇನೂ ಆಗ್ತಿರ್ಲಿಲ್ಲ," ಎಂದ ಅರ್ಸೀನ್. ನಿಜವೇ ಆಗಿತ್ತು. ಎಲ್ಮೀರಾ ಗಾಡಿಯಿಂದ ಚೀಲಗಳನ್ನು ಇಳಿಸತೊಡಗಿದಳು.

ಅವನು ಮೂರೂ ಬಕೆಟ್ ಹುಡುಕಿ ತೆಗೆದ. ಅಡುಗೆಮನೆಗೆ ಹೋದ, ಹಾಸಿಗೆಯ ತಲೆದೆಸೆ ಮುಟ್ಟಿ ನೋಡಿದ, ಮೇರಿಯಮ್ಮನ ಪಟದ ಕೆಳಗೆ ನೆಲ ಸವರಿದ. ಎಲ್ಲಾ ಒಣಗಿತ್ತು. ಬಕೆಟ್ ಹಿಡಿದೇ ಹೊರಗೆ ಬಂದು ಮೇಲಿನ ಮೆಟ್ಟಿಲ ಮೇಲೆ ಕೂತ.

"ನಿಮ್ಮಪ್ಪನ ಮನೆಗೆ ಇನ್ನು ನಾನು ಬೇಡ ಕಣೇ," ಎಂದ.

ಇಷ್ಟು ವರ್ಷ ಅವನು ಮನೆ ಬಿಟ್ಟು ಕದಲದ್ದನ್ನು ಹಟ ಎಂದುಕೊಂಡಿದ್ದ ಎಲ್ಮೀರಾಳಿಗೆ, ಅದು ಅಪ್ಪ ಅಂದಾಡಿದ ಮಾತಿಗೆ ಅವನು ಕೊಡುತ್ತ ಬಂದ ಉತ್ತರ ಎಂದು ಈಗ ಹೊಳೆಯಿತು. ಅಪ್ಪನ ಮೇಲೆ, ಸತ್ತವನ ಮೇಲೆ, ಕೋಪವೂ ಬಂತು.

"ಮನೆಗೆ ಬೇಡ್ದಿದ್ರೆ ಕತ್ತೆ ಬಾಲ," ಎಂದಳು. "ನನಗೆ ಬೇಕು. ಏಳು, ಒಂದು ಬಕೆಟ್ ಇಲ್ಲಿ ಕೊಡು, ಕೆಸರು ತೊಳೀಬೇಕು."

ಅರ್ಸೀನ್ ಅವಳಿಗೊಂದು ಬಕೆಟ್ ಕೊಟ್ಟ. ಉಳಿದೆರಡನ್ನು ಹಿಡಿದುಕೊಂಡು ಪಿಟ್ರೆಯ ಮನೆಗೆ ನಡೆದ. ಅಲ್ಲಿ ಸೋರುತ್ತಿತ್ತು.