ಬುಡು ಅಂದವರು

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಯಾವಾಗ ನೋಡಿದರೂ ಗದ್ದೆಯ ಕೆಸರು. ಅದೊಂದೇ ಬೆರಳಿನಲ್ಲಿ ಕೀಬೋರ್ಡ್ ಕುಟ್ಟುತ್ತಿದ್ದರು. ಅವರು ಎದ್ದ ಮೇಲೆ ನಾನು ಬಟ್ಟೆ ತಗೊಂಡು ಒರೆಸುತ್ತಿದ್ದೆ, ಅವರಿಗೆ ಕಾಣುವ ಹಾಗೆಯೇ ಒರೆಸುತ್ತಿದ್ದೆ.

ಗೆಜ್ಜಲಗೆರೆಯ ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಅವರು ಕಂಪ್ಯೂಟರ್ ಕೋಣೆಯ ಇನ್‌ಚಾರ್ಜು, ನಾನು ಕೈಕೆಳಗಿನವಳು. ಮೊದಲ ದಿನವೇ ಹತ್ತು ಜನರೆದುರು, "ಮಳವಳ್ಳಿಯವ್ಳಾ? ಅಂಗಾರೆ ಬಾಯಿ ಜಾಸ್ತಿ, ಕಿವಿ ಕಮ್ಮಿ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆವತ್ತಿನಿಂದ ಅವರನ್ನು ಕಂಡರೆ ನನಗಾಗುತ್ತಿರಲಿಲ್ಲ, ಮುಚ್ಚಿಡುವುದೇನು.

ಆದರೆ ಬಿಡುವ ಹಾಗಿರಲಿಲ್ಲ. ಗಂಡನ ಮನೆ ತೊರೆದು ತೌರಿಗೆ ಬಂದವಳು ನಾನು. "ಕೆಲಸ ಖಾಯಂ ಆಗ್ಲಿ, ಇಲ್ದಿದ್ರೆ ವಾಪಸ್ ಓಗಿ ಬಾಳಾಟ ಮಾಡು" ಎಂದು ಅಣ್ಣ ಖಡಾಖಂಡಿತವಾಗಿ ಹೇಳಿದ್ದ. ಆ ಮನೆಯ ಹೊಸಿಲು ಮತ್ತೆ ತುಳಿಯುವುದಕ್ಕಿಂತ ಇವರ ಬೈಗುಳವೇ ವಾಸಿ ಎನ್ನಿಸುತ್ತಿತ್ತು.

ಅವರಿಗೆ ಕಲಿಸುವುದೆಂದರೆ ಬೈಯುವುದು. ಕಂಪ್ಯೂಟರಿನ ಡಿಸ್ಕನ್ನು ನಿಲ್ಲಿಸದೆ ದೊಡ್ಡದು ಮಾಡುವುದನ್ನು ಹೇಳಿಕೊಟ್ಟಿದ್ದೂ ಹಾಗೆಯೇ. "ಮೊದ್ಲು ಬದು ಸರಿಸ್ಬೇಕು, ಆಮೇಲೆ ಉತ್ತು ಗದ್ದೆಗೆ ಸೇರಿಸ್ಕಬೇಕು. ಬದು ಸರಿಸ್ಬುಟ್ರೆ ಸಾಕಾ, ಬತ್ತ ಬೆಳೀತದಾ? ಮೂಲೆಕಲ್ಲು ಮಾತ್ರ ಮುಟ್ಟಂಗಿಲ್ಲ ಕಣಮ್ಮಿ." ಅಂದರೆ ಡಿಸ್ಕಿನ ಹಳೆಯ ಗಡಿ ಅಳಿಸಿ, ಶುರುವಾದ ಜಾಗದಿಂದಲೇ ಉದ್ದಕ್ಕೆ ಹೊಸ ಗಡಿ ಬರೆಯಬೇಕು. ಆಮೇಲೆ ಒಳಗಿನ ಕಡತಗಳ ವ್ಯವಸ್ಥೆಯನ್ನು ಆ ಹೊಸ ಗಡಿಯವರೆಗೆ ಹಿಗ್ಗಿಸಬೇಕು.

ಅವರು ರಜೆಯಲ್ಲಿದ್ದ ಒಂದು ದಿನ ಡಿಸ್ಕು ತುಂಬಿತು. ಯಂತ್ರಗಳೆಲ್ಲ ಆ ಕಂಪ್ಯೂಟರಿನ ಆಜ್ಞೆಯಲ್ಲೇ ಓಡುವಂಥವು. ನಿಂತರೆ ಗೋಂದು ರೋಲರಿಗೆ ಕಚ್ಚಿಕೊಂಡು ಎರಡು ದಿನ ಕೆರೆಯಬೇಕು. ಡಿಸ್ಕಿಗೆ ಹೆಚ್ಚಿನ ಜಾಗ ಮೊದಲೇ ಜೋಡಿಸಿ ಆಗಿತ್ತು, ಅದನ್ನು ಗಡಿಯೊಳಗೆ ತರುವುದಷ್ಟೇ ಬಾಕಿ. ಫೋನಿನಲ್ಲಿ ಅವರನ್ನು ಕೇಳುತ್ತ ಗಡಿ ಬರೆಯತೊಡಗಿದೆ. ನಡುವೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು.

"ಹಳೇ ಗುರುತು ಒಂದು ಸಿಕ್ತು, ತೆಗ್ದಾಕ್ಲಾ ಅಂತ ಕೇಳ್ತಾ ಅದೆ ಸಾ."

"ಬುಡು" ಅಂದರು. ಫೋನು ಇಟ್ಟರು.

ನಮ್ಮ ಕಡೆ ಈ ಮಾತಿಗೆ ಒಂದರ್ಥವೇ? ಮುಟ್ಟಬೇಡ, ಇದ್ದಹಾಗೇ ಇರಲಿ ಅನ್ನುವುದಕ್ಕೂ ಬುಡು. ಹೋದರೆ ಹೋಗಲಿ, ಅದಕ್ಯಾಕೆ ಚಿಂತೆ ಅನ್ನುವುದಕ್ಕೂ ಬುಡು. ಗದ್ದೆಗೆ ನೀರು ಹಾಯಿಸು ಅನ್ನುವುದಕ್ಕೂ ಬುಡು. ಹೋದರೆ ಹೋಗಲಿ ಅಂದರು ಎಂದುಕೊಂಡು ನಾನು 'ಹೌದು' ಒತ್ತಿದೆ.

ಎರಡನೆಯ ಹೆಜ್ಜೆಗೆ, ಹಿಗ್ಗಿಸುವುದಕ್ಕೆ, ಕಂಪ್ಯೂಟರ್ ಒಪ್ಪಲಿಲ್ಲ. ಒಳಗಿನ ಕಡತಗಳನ್ನು ಅದು ಪತ್ತೆಹಚ್ಚುತ್ತಿದ್ದುದೇ ಆ ಹಳೇ ಗುರುತಿನಿಂದ. ಇದು ಯಾವ ಡಿಸ್ಕೋ ನನಗೆ ಗುರುತಿಲ್ಲ ಅಂದಿತು. ಯಂತ್ರಗಳು ಕಂಪ್ಯೂಟರಿನ ಹಳೆಯ ನೆನಪಿನಲ್ಲಿ ಇನ್ನೂ ಓಡುತ್ತಿದ್ದವು, ಕಂಪ್ಯೂಟರ್ ಒಮ್ಮೆ ಆರಿದರೆ ಮತ್ತೆ ಏಳುವಂತಿರಲಿಲ್ಲ. ಅವರಿಗೆ ಮತ್ತೆ ಫೋನು ಮಾಡಿದೆ. ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದರು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಅಳಿಸಿಹೋಗಿದ್ದ ಆ ಎರಡು ಅಕ್ಷರದಷ್ಟು ಗುರುತನ್ನು, ಅದಿದ್ದ ಜಾಗ ಎಣಿಸಿ ಹುಡುಕಿ, ಒಂದೇ ಬೆರಳಿನಲ್ಲಿ ತಿರುಗಿ ಬರೆದರು. ಡಿಸ್ಕು ಹಿಗ್ಗಿತು. ಒಂದು ಯಂತ್ರವೂ ನಿಲ್ಲಲಿಲ್ಲ.

ವಿಷಯ ಮ್ಯಾನೇಜರಿಗೆ ಮುಟ್ಟಿತ್ತು. ಇಬ್ಬರನ್ನೂ ನಿಲ್ಲಿಸಿಕೊಂಡು ಯಾರ ತಪ್ಪು ಅಂದರು. "ಅವ್ರೇ ಬುಡು ಅಂದ್ರು" ಅಂದೆ.

ಇನ್‌ಚಾರ್ಜು ನನ್ನ ಮುಖವನ್ನೊಮ್ಮೆ ನೋಡಿದರು. "ನಾನು ಗದ್ದೆತಾವ ಇದ್ದೆ ಸಾ. ಗದ್ದೆಗೆ ನೀರಾಯ್ಸೋಕೆ ನನ್ ತಮ್ಮಂಗೆ ಬುಡು ಅಂದೆ, ಈಯಮ್ಮ ತನಗೆ ಅಂದ್ಕಂಡವ್ಳೆ. ಇವಳ ಮಾತು ನಾನು ಕಿವೀಗೇ ಆಕ್ಕಂಡಿರ್ನಿಲ್ಲ. ತಪ್ಪು ನಂದೇ."

ಅವರನ್ನು ಗೋಡೌನಿಗೆ ಹಾಕಿದರು. ನನ್ನ ಕೆಲಸ ಖಾಯಂ ಆಯಿತು, ಅವರ ಕುರ್ಚಿಯೂ ನನಗೇ ಬಂತು. ಮರುಕ ಒಂದು ಚೂರೂ ಹುಟ್ಟಲಿಲ್ಲ, ಸಿಟ್ಟೇ ಹೆಚ್ಚಾಯಿತು. ನನ್ನ ಬದುಕು ಫೋನಿನ ತುದಿಯಲ್ಲಿ ನೇತಾಡುತ್ತಿದ್ದಾಗ ಈತನಿಗೆ ಗದ್ದೆಯ ನೀರು ಹೆಚ್ಚಾಯಿತಲ್ಲ! ಗೋಡೌನಿಗೆ ಹೋದಾಗಲೆಲ್ಲ ನಾಲ್ಕು ಜನ ಕೇಳುವಂತೆ, "ಗದ್ದೆಗೆ ನೀರ್ ಬುಟ್ಟಾಯ್ತಾ ಸಾ?" ಅನ್ನುತ್ತಿದ್ದೆ. ಹಮಾಲರು ನಗುತ್ತಿದ್ದರು. ಅವರು ತಲೆ ಎತ್ತದೆ ಚೀಟಿಗೆ ರುಜು ಹಾಕಿ, "ಪ್ರಶ್ನೆ ಓದಿ ಬೆರಳು ಒತ್ತು" ಅನ್ನುತ್ತಿದ್ದರು. ತಪ್ಪು ಮಾಡಿದವರು ಇವರು, ಬುದ್ಧಿವಾದ ನನಗೆ. ನಾಲ್ಕು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಆತಗೂರಿನ ಹತ್ತಿರದ ಅವರ ಊರಿನಲ್ಲಿ ತಿಥಿ. ಕಾರ್ಖಾನೆಯ ವ್ಯಾನಿನಲ್ಲಿ ನಾನೂ ಹೋದೆ, ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆಂದು. ಬಡಿಸಲು ಬಂದ ಅವರ ತಮ್ಮನನ್ನು ಮಾತಿಗೆಂದು ಕೇಳಿದೆ, ಡಿಸ್ಕು ಕೆಟ್ಟು ನಾನು ಫೋನು ಮಾಡಿದ ಆವತ್ತು ಅಣ್ಣ ನೀರು ಬುಡು ಅಂದದ್ದು ನಿಮಗೇ ಅಲ್ಲವೇ, ಅಂತ.

ಅವರು ಸಾರಿನ ಬಕೆಟ್ಟು ಕೆಳಗಿಟ್ಟರು. "ಯಾವ ನೀರು ಕಣಮ್ಮ? ರಿಪೇರಿ ಅಂತ ಆ ತಿಂಗ್ಳೆಲ್ಲಾ ನಾಲೆಗೆ ನೀರೇ ಬುಟ್ಟಿರ್ನಿಲ್ಲ. ಆವತ್ತು ನಾವಿಬ್ರೂ ವೈದ್ಯನಾಥಪುರದಾಗೆ ನೆಂಟ್ರ ಮನೆ ಜಗಲೀಲಿ ಕುಂತಿದ್ದೋ. ಬುಡು ಅಂತ ನಿಮಗೇ ಅಂದ. ಫೋನ್ ಮಡಗ್ಬುಟ್ಟು, 'ಆ ಗುರುತು ಒಂದು ಮುಟ್ದೆ ಇದ್ರೆ ಸಾಕು, ಆ ಹುಡ್ಗಿ ಗೆದ್ಕತ್ತಳೆ' ಅಂದ."

ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಟ್ಟೆ. ಅವರು ಸರಿಯಾಗಿಯೇ ಹೇಳಿದ್ದರು, ತಪ್ಪು ತಿಳಿದದ್ದು ನಾನು. ಮ್ಯಾನೇಜರ ಮುಂದೆ ಅವರು ನನ್ನ ಮುಖದಲ್ಲಿ ಏನು ಕಂಡರೋ ನನಗೆ ತಿಳಿಯದು.

ಅವರ ಮೇಲಿನ ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಕೂತದ್ದಕ್ಕೂ ನಿಂತದ್ದಕ್ಕೂ ಬೈಯುತ್ತಿದ್ದ ಮನುಷ್ಯ ಇದೊಂದಕ್ಕೆ ಯಾಕೆ ಬಾಯಿ ಕಟ್ಟಿಕೊಳ್ಳಬೇಕಿತ್ತು? ತಪ್ಪು ನಿಂದೇ ಕಣಮ್ಮಿ ಎಂದು ಗೋಡೌನಿನ ಬಾಗಿಲಲ್ಲಿ ಒಂದು ಸಲ ಉಗಿದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ. ನಾಲ್ಕು ವರ್ಷ ನನ್ನಿಂದ ಹಂಗಿಸಿಕೊಂಡರು. ಕ್ಷಮಿಸಿ ಅನ್ನಲು ನನಗೊಂದು ದಿನ ಉಳಿಸಲಿಲ್ಲ.